ಮಾಗಡಿ ಕೆರೆಗೆ ಜಗತ್ತಿನ ಮಾನ. ಬಾತಿನ ಊಟದ ಖರ್ಚು ಮಾತ್ರ ರೈತನ ಲೆಕ್ಕಕ್ಕೆ!

ಗದಗದಿಂದ ಲಕ್ಷ್ಮೇಶ್ವರದ ಕಡೆಗೆ 26 ಕಿಲೋಮೀಟರು ಹೋದರೆ ಮಾಗಡಿ. ಶಿರಹಟ್ಟಿ ತಾಲೂಕಿನ ಊರು, ಊರಿಗೊಂದು ಕೆರೆ. ಚಳಿಗಾಲದಲ್ಲಿ ಈ ದಾರಿಯಲ್ಲಿ ಓಡಾಡುವವರಿಗೆ ಕೆರೆಯ ಮೇಲೆ ಬೂದು ಬಣ್ಣದ ಹಕ್ಕಿಗಳ ಸಂತೆಯೇ ಕಾಣುತ್ತದೆ. ಬಸ್ಸಿನ ಕಿಟಕಿ ಪಕ್ಕ ಕೂತವರು ಕತ್ತು ಹೊರಳಿಸಿ ನೋಡುತ್ತಾರೆ. "ಬಾತುಕೋಳಿ ಬಂದಾವ ನೋಡ್ರಿ" ಅಂತ ಪಕ್ಕದವರಿಗೆ ಹೇಳುತ್ತಾರೆ. ಅಷ್ಟರಲ್ಲಿ ಬಸ್ಸು ಕೆರೆ ದಾಟಿ ಹೋಗಿರುತ್ತದೆ.

ಬಂದಾವು, ಖರೆ. ಆದರೆ ಎಲ್ಲಿಂದ? ಯಾಕೆ? ಬಂದು ಏನು ತಿನ್ನುತ್ತಾವೆ? ಯಾರದ್ದು ತಿನ್ನುತ್ತಾವೆ? ಮೊದಲ ಎರಡು ಪ್ರಶ್ನೆಗೆ ಉತ್ತರ ಹುಡುಕಲು ಜಗತ್ತಿನ ದೊಡ್ಡ ದೊಡ್ಡ ವಿಜ್ಞಾನಿಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ. ಕೊನೆಯ ಎರಡಕ್ಕೆ ಉತ್ತರ ಮಾಗಡಿ ಸುತ್ತಿನ ಹೊಲದವರಿಗೆಲ್ಲ ಗೊತ್ತು. ಆದರೆ ಅವರನ್ನು ಕೇಳುವವರು ಕಮ್ಮಿ.

ತಲೆಯ ಮೇಲೆ ಎರಡು ಗೀರು

ಈ ಹಕ್ಕಿಗೆ ಪುಸ್ತಕದಲ್ಲಿ ಪಟ್ಟೆತಲೆ ಹೆಬ್ಬಾತು ಎಂದು ಹೆಸರು. ಗೀರುತಲೆ ಬಾತು ಎಂದೂ ಕರೆಯುತ್ತಾರೆ. ಬಿಳಿಯ ತಲೆ, ಅದರ ಹಿಂಭಾಗದಲ್ಲಿ ಮಸಿಯಿಂದ ಎಳೆದಂತೆ ಎರಡು ಕಪ್ಪು ಅಡ್ಡ ಗೀರು. ಕಾಲು, ಕೊಕ್ಕು ಹಳದಿ. ತೂಕ ಎರಡರಿಂದ ಮೂರು ಕಿಲೋ. ಸಾಕಿದ ಬಾತಿಗಿಂತ ದೊಡ್ಡದು, ನಡಿಗೆಯಲ್ಲಿ ಠೀವಿ. ಗಂಡು ಹೆಣ್ಣು ಒಮ್ಮೆ ಜೋಡಿಯಾದರೆ ಸಾಮಾನ್ಯವಾಗಿ ಬಿಡುವುದಿಲ್ಲ. ಆ ವರ್ಷ ಹುಟ್ಟಿದ ಮರಿಗಳೂ ತಂದೆ ತಾಯಿಯ ಜೊತೆಗೇ ಪ್ರಯಾಣ ಬರುತ್ತವೆ. ಎಂದರೆ ಕೆರೆಯಲ್ಲಿ ಕಾಣುವುದು ಬರೀ ಹಿಂಡಲ್ಲ, ಸಂಸಾರಗಳು.

ಇವು ಮೊಟ್ಟೆ ಇಟ್ಟು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್, ಚೀನದ ಚಿಂಗ್‌ಹಾಯ್ ಪ್ರಾಂತ, ಕಿರ್ಗಿಜ್‌ಸ್ತಾನ ಮತ್ತು ನಮ್ಮದೇ ಲಡಾಖಿನ ಎತ್ತರದ ಸರೋವರಗಳ ದಂಡೆಯಲ್ಲಿ. ಅಲ್ಲಿ ಚಳಿಗಾಲ ಬಂತೆಂದರೆ ನೀರು ಕಲ್ಲಾಗುತ್ತದೆ. ಹುಲ್ಲು ಹಿಮದ ಕೆಳಗೆ ಹೋಗುತ್ತದೆ. ಆಗ ಇವು ಹಿಮಾಲಯ ದಾಟಿ ದಕ್ಷಿಣಕ್ಕೆ ಇಳಿಯುತ್ತವೆ. ಮಾಗಡಿಗೆ ನವೆಂಬರ್ ಹೊತ್ತಿಗೆ ಬಂದು ಮಾರ್ಚ್ ಹೊತ್ತಿಗೆ ಹೊರಡುತ್ತವೆ. ನಕ್ಷೆಯ ಮೇಲೆ ಮಂಗೋಲಿಯಾದ ಸರೋವರದಿಂದ ಮಾಗಡಿಗೆ ನೇರ ಗೆರೆ ಎಳೆದರೂ ನಾಲ್ಕು ಸಾವಿರ ಕಿಲೋಮೀಟರಿಗೆ ಮೇಲೆ. ಹಕ್ಕಿ ನೇರ ಗೆರೆಯಲ್ಲಿ ಬರುವುದಿಲ್ಲ, ಆ ಮಾತು ಬೇರೆ.

ಕಾಲಿಗೆ ಉಂಗುರ, ಕೊರಳಿಗೆ ಪಟ್ಟಿ

ಇದೆಲ್ಲ ಗೊತ್ತಾದದ್ದು ಹೇಗೆ? ಹಕ್ಕಿಯ ಕೈಲಿ ಪಾಸ್‌ಪೋರ್ಟ್ ಇಲ್ಲವಲ್ಲ!

ಉಂಗುರದಿಂದ. ಹಕ್ಕಿಯನ್ನು ಹಿಡಿದು ಕಾಲಿಗೆ ಹಗುರವಾದ ಲೋಹದ ಬಳೆ ತೊಡಿಸಿ, ಅದರ ಮೇಲೆ ನಂಬರು ಮತ್ತು ವಿಳಾಸ ಕೊರೆದು ಬಿಟ್ಟುಬಿಡುವುದು. ಮುಂದೆ ಎಲ್ಲಾದರೂ ಯಾರಿಗಾದರೂ ಸಿಕ್ಕಿದರೆ ಆ ನಂಬರು ಬರೆದು ತಿಳಿಸುವುದು. ನಮ್ಮ ದೇಶದಲ್ಲಿ ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಶುರು ಮಾಡಿದ್ದು 1959ರಲ್ಲಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ. ಮುಂದಾಳು ಸಲೀಂ ಅಲಿ. ಹಣದ ನೆರವು ವಿಶ್ವ ಆರೋಗ್ಯ ಸಂಸ್ಥೆಯದು. ಹಕ್ಕಿ ನೋಡುವ ಕೆಲಸಕ್ಕೆ ಆರೋಗ್ಯ ಸಂಸ್ಥೆ ಯಾಕೆ ಹಣ ಕೊಟ್ಟಿತು ಎಂಬ ಪ್ರಶ್ನೆಗೆ ಉತ್ತರ ನಮ್ಮ ಮಲೆನಾಡಿನಲ್ಲಿದೆ. ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತು. ಅದರ ವೈರಸ್ಸು ರಷ್ಯದ ಕಡೆಯ ಒಂದು ಜ್ವರದ ವೈರಸ್ಸಿನ ಹತ್ತಿರದ ನೆಂಟ. ಸೈಬೀರಿಯದಿಂದ ಬರುವ ಹಕ್ಕಿಗಳೇ ಮೈಮೇಲಿನ ಉಣ್ಣೆಯ ಜೊತೆಗೆ ಇದನ್ನು ತಂದವೇನೋ ಎಂದು ಗುಮಾನಿ ಹುಟ್ಟಿತು. ಗುಮಾನಿ ನಿಜವೆಂದು ಸಾಬೀತಾಗಲಿಲ್ಲ. ಆದರೆ ಆ ನೆಪದಲ್ಲಿ ಸಾವಿರಾರು ಹಕ್ಕಿಗಳಿಗೆ ಉಂಗುರ ಬಿತ್ತು, ಅವುಗಳ ದಾರಿ ಹೊರಬಂತು.

ಇಲ್ಲಿ ಇನ್ನೊಂದು ಮಾತು ಹೇಳದೆ ಬಿಡುವಂತಿಲ್ಲ. ಹಕ್ಕಿಗೆ ಉಂಗುರ ಹಾಕಬೇಕಾದರೆ ಮೊದಲು ಹಿಡಿಯಬೇಕು. ಗರಿ ಮುರಿಯದಂತೆ, ಕಾಲು ಉಳುಕದಂತೆ. ಅದು ಪದವಿ ಪಡೆದವರಿಗೆ ಬರುವ ವಿದ್ಯೆಯಲ್ಲ. ಬಿಹಾರದ ಮೀರ್ ಶಿಕಾರಿಗಳು ತಲೆಮಾರಿನಿಂದ ಹಕ್ಕಿ ಹಿಡಿದು ಮಾರಿ ಹೊಟ್ಟೆ ಹೊರೆದ ಜನ. ಬಲೆ ಹಾಕುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಸಲೀಂ ಅಲಿಯವರು ಅವರನ್ನೇ ಕರೆಸಿಕೊಂಡರು. ಬೇಟೆಯವರ ಕೈಗೇ ಸಂಶೋಧನೆಯ ಕೆಲಸ ಬಂತು. ವರದಿಗಳಲ್ಲಿ ಡಾಕ್ಟರುಗಳ ಹೆಸರು ಮೇಲೆ ಬರುತ್ತದೆ, ಇವರದು ಬಂದರೆ ಕೆಳಗೆಲ್ಲೋ. ಲೋಕದ ರೂಢಿ.

ಈಗ ಉಂಗುರದ ಜೊತೆಗೆ ಕೊರಳ ಪಟ್ಟಿಯೂ ಬಂದಿದೆ. ಬಣ್ಣದ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ದೊಡ್ಡ ಅಕ್ಷರ, ಅಂಕಿ. ದುರ್ಬೀನಿನಲ್ಲಿ ದೂರದಿಂದಲೇ ಓದಬಹುದು, ಹಕ್ಕಿಯನ್ನು ಮತ್ತೆ ಹಿಡಿಯುವ ತಾಪತ್ರಯವಿಲ್ಲ. ಮಂಗೋಲಿಯಾದಲ್ಲಿ ಪಟ್ಟಿ ತೊಟ್ಟ ಬಾತುಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಂಡಿವೆ. ಕ್ಯಾಮೆರಾ ಹಿಡಿದ ಹವ್ಯಾಸಿಗಳು ಫೋಟೋ ತೆಗೆದು ನಂಬರು ಕಳಿಸಿದರೆ, ಅಲ್ಲಿಯವರು ಅದನ್ನು ಯಾವ ವರ್ಷ ಯಾವ ಸರೋವರದಲ್ಲಿ ಹಿಡಿದದ್ದೆಂದು ರಿಜಿಸ್ಟರ್ ತೆಗೆದು ಹೇಳುತ್ತಾರೆ.

ರಾತ್ರಿ ಬಸ್ಸಿನ ಲೆಕ್ಕ

ಎಲ್ಲಕ್ಕಿಂತ ದೊಡ್ಡ ಕುತೂಹಲ ಇದ್ದದ್ದು ಒಂದೇ. ಈ ಹಕ್ಕಿ ಹಿಮಾಲಯ ದಾಟುವುದು ಹೇಗೆ?

ಹಿಂದಿನಿಂದ ಒಂದು ಕತೆ ಇದೆ. ಬಾತುಗಳು ಎವರೆಸ್ಟಿನ ನೆತ್ತಿಯ ಮೇಲೆಯೇ ಹಾರಿ ಹೋಗುತ್ತವೆ ಎಂದು. ಪರ್ವತ ಹತ್ತಲು ಹೋದವರು ರಾತ್ರಿ ಆಕಾಶದಲ್ಲಿ ಇವುಗಳ ಕೂಗು ಕೇಳಿದ್ದೇವೆಂದು ಹೇಳಿಕೊಂಡದ್ದೂ ಉಂಟು. ಕೇಳಲು ಚೆಂದ. ಅಳೆದು ನೋಡಿದವರು ಬೇರೆಯೇ ಹೇಳುತ್ತಾರೆ.

ಬ್ರಿಟನ್ನಿನ ಬ್ಯಾಂಗರ್ ವಿಶ್ವವಿದ್ಯಾಲಯದ ಚಾರ್ಲ್ಸ್ ಬಿಷಪ್, ಲೂಸಿ ಹಾಕ್ಸ್ ಮತ್ತು ಸಂಗಡಿಗರು ಬಾತುಗಳ ಬೆನ್ನಿಗೆ ಉಪಗ್ರಹಕ್ಕೆ ಸುದ್ದಿ ಕಳಿಸುವ ಪುಟ್ಟ ಯಂತ್ರ ಕಟ್ಟಿದರು. ಕೆಲವನ್ನು ಹಿಡಿದದ್ದು ಮಂಗೋಲಿಯಾದ ಸರೋವರದಲ್ಲಿ. ಬೇಸಿಗೆಯಲ್ಲಿ ಇವು ಹಳೆಯ ರೆಕ್ಕೆಗರಿ ಉದುರಿಸಿ ಹೊಸದು ಬರುವ ತನಕ ಕೆಲವು ವಾರ ಹಾರಲಾರವು. ಆಗ ಅಟ್ಟಿಸಿ ಹಿಡಿಯುವುದು ಸುಲಭ. ಕೆಲವನ್ನು ನಮ್ಮ ದೇಶದಲ್ಲೇ, ಒರಿಸ್ಸಾದ ಚಿಲಿಕಾ ಸರೋವರದಲ್ಲಿ ಮತ್ತು ತಮಿಳುನಾಡಿನ ಕೂಂತನ್‌ಕುಳಂ ಕೆರೆಯಲ್ಲಿ ಹಿಡಿದರು. 2011ರಲ್ಲಿ ಮೊದಲ ಲೆಕ್ಕ ಹೊರಬಂತು. ಮತ್ತೆ 2013ರಲ್ಲಿ ಇನ್ನಷ್ಟು. ದಾಖಲಾದ ಅತಿ ಎತ್ತರ 7,290 ಮೀಟರು. ಎವರೆಸ್ಟು 8,848 ಮೀಟರು. ಅಂದರೆ ನೆತ್ತಿಯ ಮೇಲಲ್ಲ, ಕಣಿವೆಗಳನ್ನೂ ಕಂದರಗಳನ್ನೂ ಹುಡುಕಿಕೊಂಡೇ ದಾಟುತ್ತವೆ. ಹೆಚ್ಚಿನ ಹಾರಾಟವೆಲ್ಲ 5,500 ಮೀಟರಿನ ಕೆಳಗೇ. ಅದೇನು ಕಮ್ಮಿ ಎತ್ತರವಲ್ಲ. ಅಲ್ಲಿ ಗಾಳಿಯಲ್ಲಿ ನಮ್ಮ ಕರಾವಳಿಯ ಅರ್ಧದಷ್ಟೇ ಪ್ರಾಣವಾಯು. ನಮ್ಮಂಥವರನ್ನು ಒಮ್ಮೆಲೇ ಒಯ್ದು ಇಳಿಸಿದರೆ ನಾಲ್ಕು ಹೆಜ್ಜೆ ನಡೆಯಲೂ ಉಸಿರು ಕಟ್ಟುತ್ತದೆ. ಈ ಹಕ್ಕಿ ಅಲ್ಲಿ ರೆಕ್ಕೆ ಬಡಿಯುತ್ತ ಏರುತ್ತದೆ. ಭಾರತದ ಬಯಲಿನಿಂದ ಹೊರಟು ಏಳೆಂಟು ಗಂಟೆಯಲ್ಲಿ, ನಡುವೆ ಎಲ್ಲೂ ಇಳಿಯದೆ, ಹಿಮಾಲಯದ ಆಚೆ ಬದಿಯ ಎತ್ತರ ಮುಟ್ಟುತ್ತದೆ!

ವಿಜ್ಞಾನಿಗಳು ಅಂದುಕೊಂಡದ್ದು ಏನೆಂದರೆ, ಹಗಲು ಬಿಸಿಲೇರಿದಾಗ ಬೆಟ್ಟದ ಬುಡದಿಂದ ಮೇಲಕ್ಕೆ ಗಾಳಿ ಬೀಸುತ್ತದಲ್ಲ, ಅದರ ನೂಕು ಹಿಡಿದು ಏರುತ್ತವೆ ಎಂದು. ಆದದ್ದು ಉಲ್ಟಾ. ಬಾತುಗಳು ಹೊರಡುವುದು ರಾತ್ರಿ, ಇಲ್ಲವೇ ಬೆಳಗಿನ ಜಾವ. ಗಾಳಿ ನಿಂತಿರುವಾಗ. ಕಾರಣ ಸರಳ. ರಾತ್ರಿಯ ತಂಪು ಗಾಳಿ ದಟ್ಟವಾಗಿರುತ್ತದೆ, ರೆಕ್ಕೆಗೆ ಹಿಡಿತ ಸಿಗುತ್ತದೆ, ಉಸಿರಿಗೂ ಒಂದಿಷ್ಟು ಹೆಚ್ಚು ಪ್ರಾಣವಾಯು ಸಿಗುತ್ತದೆ. ಬಿರುಗಾಳಿಯ ಭಯವೂ ಕಡಿಮೆ. ಘಟ್ಟ ಹತ್ತಲು ರಾತ್ರಿ ಬಸ್ಸೇ ವಾಸಿ ಎನ್ನುವ ಡ್ರೈವರನ ಲೆಕ್ಕ ಇದು.

2015ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಏಳು ಬಾತುಗಳ ಮೈಯೊಳಗೆ ಯಂತ್ರ ಇಟ್ಟು ಎದೆ ಬಡಿತ, ರೆಕ್ಕೆ ಬಡಿತ ಎರಡನ್ನೂ ಅಳೆದರು. ಹಕ್ಕಿ ಒಂದೇ ಎತ್ತರದಲ್ಲಿ ಸಾಗುವುದಿಲ್ಲ. ನೆಲ ಏರಿದಂತೆ ಏರುತ್ತದೆ, ಇಳಿದಂತೆ ಇಳಿಯುತ್ತದೆ. ಅಷ್ಟು ಕಷ್ಟಪಟ್ಟು ಗಳಿಸಿದ ಎತ್ತರವನ್ನು ಕಣಿವೆ ಬಂದ ಕೂಡಲೇ ಬಿಟ್ಟುಕೊಡುತ್ತದೆ. ನೋಡುವವರಿಗೆ ದಡ್ಡತನ ಅನ್ನಿಸಬಹುದು. ಆದರೆ ಮೇಲಿನ ತೆಳು ಗಾಳಿಯಲ್ಲಿ ಹಾರುವುದು ದುಬಾರಿ. ರೆಕ್ಕೆ ಬಡಿತ ನೂರಕ್ಕೆ ಐದರಷ್ಟು ಹೆಚ್ಚಿದರೆ ಮೈಯ ಖರ್ಚು ನೂರಕ್ಕೆ 41ರಷ್ಟು ಏರುತ್ತದೆಯಂತೆ. ಹಾಗಾಗಿ ಕೆಳಗಿಳಿದು ಮತ್ತೆ ಏರುವುದೇ ಅಗ್ಗ. ಅಂಗಡಿ ಇಟ್ಟವರಿಗೆ ಈ ವ್ಯವಹಾರ ಬಿಡಿಸಿ ಹೇಳಬೇಕಾಗಿಲ್ಲ.

ಗಗನಯಾತ್ರಿಯ ಸಾಕುಮಕ್ಕಳು

ಜೆಸಿಕಾ ಮೀರ್ ಎಂಬ ಅಮೆರಿಕದ ಮಹಿಳೆ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಯನಕ್ಕೆಂದು ಈ ಬಾತಿನ ಮೊಟ್ಟೆಯೊಡೆಯುವಾಗಲೇ ಎದುರು ಕೂತಿದ್ದರು. ಬಾತಿನ ಮರಿ ಕಣ್ಣು ಬಿಟ್ಟಾಗ ಮೊದಲು ಕಂಡವರನ್ನೇ ತಾಯಿ ಎಂದುಕೊಳ್ಳುತ್ತದೆ. ಮರಿಗಳು ಆಕೆಯ ಹಿಂದೆ ಸಾಲು ಹಿಡಿದು ನಡೆದವು, ದೊಡ್ಡವಾದ ಮೇಲೆ ಆಕೆಯ ಸ್ಕೂಟರಿನ ಪಕ್ಕಕ್ಕೆ ಹಾರಿದವು. ಆಮೇಲೆ ಅವುಗಳ ಕೊಕ್ಕಿಗೆ ಮುಖವಾಡ ಹಾಕಿ, ಜೋರು ಗಾಳಿ ಬೀಸುವ ಸುರಂಗದಂಥ ಕೋಣೆಯಲ್ಲಿ ಹಾರಿಸಿ, ಪ್ರಾಣವಾಯುವನ್ನು ಎತ್ತರದ ಪರ್ವತದ ಮಟ್ಟಕ್ಕೆ ಇಳಿಸಿ ಪರೀಕ್ಷೆ ಮಾಡಿದರು. ಅಷ್ಟು ಕಮ್ಮಿ ಪ್ರಾಣವಾಯುವಿನಲ್ಲೂ ಹಕ್ಕಿ ಹಾರಿತು. ಮೈಯ ಖರ್ಚನ್ನು ಕಡಿಮೆ ಮಾಡಿಕೊಂಡಿತು, ರಕ್ತವನ್ನು ತಂಪು ಮಾಡಿಕೊಂಡಿತು. ರಕ್ತ ತಂಪಾದಷ್ಟೂ ಪ್ರಾಣವಾಯುವನ್ನು ಹೆಚ್ಚು ಹಿಡಿದುಕೊಳ್ಳುತ್ತದೆ. ಇವುಗಳ ರಕ್ತದ ಕೆಂಪು ಕಣಗಳೇ ಬೇರೆ ಬಾತುಗಳದಕ್ಕಿಂತ ಪ್ರಾಣವಾಯುವನ್ನು ಬಿಗಿಯಾಗಿ ಹಿಡಿಯುವ ಜಾತಿಯವು ಎಂಬುದು ಮೊದಲೇ ಗೊತ್ತಿದ್ದ ಸಂಗತಿ.

ಈ ಅಧ್ಯಯನ ಅಚ್ಚಾದದ್ದು 2019ರ ಸೆಪ್ಟೆಂಬರಿನಲ್ಲಿ. ಅದೇ ತಿಂಗಳು ಮೀರ್ ಬಾಹ್ಯಾಕಾಶ ನಿಲ್ದಾಣಕ್ಕೆ ಹಾರಿದರು. ಮುಂದಿನ ತಿಂಗಳು ಅಲ್ಲಿ ಹೊರಗಿಳಿದು, ಹೆಂಗಸರೇ ಇಬ್ಬರು ಬಾಹ್ಯಾಕಾಶದಲ್ಲಿ ನಡೆದ ಮೊದಲ ಸಲ ಎಂದು ಪತ್ರಿಕೆಗಳಲ್ಲೆಲ್ಲ ಬಂತು. ಬಾತಿನ ಸುದ್ದಿ ಅದರಡಿ ಮುಚ್ಚಿಹೋಯಿತು.

ನೀರು ಕೆರೆಯದು, ಅನ್ನ ಹೊಲದ್ದು

ಇಷ್ಟು ಏರಲು ಮೈಯಲ್ಲಿ ಕೊಬ್ಬು ಬೇಕು. ಆ ಕೊಬ್ಬು ಎಲ್ಲಿಂದ ಬರುತ್ತದೆ? ಚಳಿಗಾಲ ಕಳೆದ ಜಾಗದಿಂದ. ಎಂದರೆ ಮಾಗಡಿಯಂಥ ಕಡೆಯಿಂದ. ಮಾರ್ಚಿನಲ್ಲಿ ಹೊರಡುವ ಬಾತು ಇಲ್ಲಿ ಹೊಟ್ಟೆ ತುಂಬ ತಿಂದಿದ್ದರೆ ಉತ್ತರ ಮುಟ್ಟುತ್ತದೆ, ಅಲ್ಲಿ ಗೂಡು ಕಟ್ಟುತ್ತದೆ, ಮರಿ ಮಾಡುತ್ತದೆ. ಇಲ್ಲಿ ಅರೆಹೊಟ್ಟೆಯಾದರೆ ಅದರ ಫಲ ಕಾಣುವುದು ಸಾವಿರಾರು ಮೈಲಿ ದೂರದ ಗೂಡಿನಲ್ಲಿ.

ಬಹಳ ಮಂದಿ ತಿಳಿದಿರುವುದು ಕೆರೆಯ ಹಕ್ಕಿ ಎಂದ ಮೇಲೆ ಮೀನು ತಿನ್ನುತ್ತದೆ ಅಂತ. ಈ ಬಾತು ಮೀನಿನ ಗಿರಾಕಿಯಲ್ಲ. ಹುಲ್ಲು, ಎಳೆ ಪೈರು, ಕಾಳು ಇದರ ಆಹಾರ. ಹಗಲೆಲ್ಲ ಕೆರೆಯ ನಡುವೆ ನೀರಿನ ಮೇಲೆ, ದಂಡೆಯ ಕೆಸರಿನ ಮೇಲೆ ವಿಶ್ರಾಂತಿ. ನರಿ ನಾಯಿ ಬರದಂತೆ ಸುತ್ತ ನೀರಿನ ಬೇಲಿ. ಸಂಜೆಯಾದರೆ ಗುಂಪು ಗುಂಪಾಗಿ ಎದ್ದು ಹೊಲಗಳ ಕಡೆ. ಶೇಂಗಾ, ಕಡ್ಲಿ, ಜೋಳ, ಗೋಧಿ. ರಾತ್ರಿಯೆಲ್ಲ ಮೇಯ್ದು ಬೆಳಿಗ್ಗೆ ಮತ್ತೆ ಕೆರೆಗೆ. ಬಾತಿನ ಜಾತಿಗೆ ದನದಂತೆ ನಾಲ್ಕು ಹೊಟ್ಟೆಯಿಲ್ಲ. ತಿಂದದ್ದು ಬೇಗ ಬೇಗ ಹೊರಗೆ ಬರುತ್ತದೆ. ಹಾಗಾಗಿ ಬಹಳ ತಿನ್ನಬೇಕು.

ಈಗ ಕೆರೆಯ ಮಾನದ ಕತೆ. ಇದು ದೇವರು ಮಾಡಿದ ಸರೋವರವಲ್ಲ. ಮಳೆನೀರು ನಿಲ್ಲಿಸಿ ಹೊಲಕ್ಕೆ ಹರಿಸಲು ಜನ ಕಟ್ಟಿದ ಕೆರೆ. ನೀರು ಹರಡಿಕೊಳ್ಳುವುದು ಸುಮಾರು 134 ಎಕರೆ. 166 ಜಾತಿಯ ಹಕ್ಕಿಗಳು ಇಲ್ಲಿ ಲೆಕ್ಕಕ್ಕೆ ಸಿಕ್ಕಿವೆ, ಅದರಲ್ಲಿ 130 ವಲಸೆ ಬರುವಂಥವು. ಚಳಿಗಾಲಕ್ಕೆ ಸುಮಾರು ಎಂಟು ಸಾವಿರ ಹಕ್ಕಿ ಬರುತ್ತವೆಂಬ ಅಂದಾಜು. ದಕ್ಷಿಣ ಭಾರತದಲ್ಲಿ ಪಟ್ಟೆತಲೆ ಹೆಬ್ಬಾತು ಚಳಿಗಾಲ ಕಳೆಯುವ ದೊಡ್ಡ ತಾಣಗಳಲ್ಲಿ ಇದೊಂದು. ಅರಣ್ಯ ಇಲಾಖೆ ಇದನ್ನು ಸಂರಕ್ಷಣಾ ಮೀಸಲು ಎಂದು ಮಾಡಿದೆ. 2024ರ ಜನವರಿಯಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ ಮಾಗಡಿ ಕೆರೆಯೂ ರಾಮ್ಸಾರ್ ಪಟ್ಟಿಗೆ ಸೇರಿತು. ರಾಮ್ಸಾರ್ ಎಂಬುದು ಇರಾನಿನ ಒಂದು ಪಟ್ಟಣ. 1971ರಲ್ಲಿ ಅಲ್ಲಿ ದೇಶದೇಶದವರು ಕೂಡಿ ಕೆರೆ, ಜೌಗು, ಅಳಿವೆಗಳನ್ನು ಉಳಿಸುತ್ತೇವೆಂದು ಒಪ್ಪಂದ ಮಾಡಿಕೊಂಡರು. ನಮ್ಮ ರಾಜ್ಯದಿಂದ ಅದಕ್ಕೆ ಮೊದಲು ಸೇರಿದ್ದು 2022ರಲ್ಲಿ ರಂಗನತಿಟ್ಟು.

ಸಂತೋಷದ ಸಂಗತಿಯೇ. ಆದರೆ ಕಾಗದದಲ್ಲಿ ಸೇರಿದ್ದು ಏನು? ಕೆರೆ. ನೀರು ನಿಂತಷ್ಟು ಜಾಗ, ದಂಡೆ. ಅಲ್ಲಿಗೆ ಗಡಿ. ಹಕ್ಕಿ ಊಟ ಮಾಡುವ ಜಾಗ ಗಡಿಯ ಆಚೆ, ಸರ್ವೆ ನಂಬರಿನ ಖಾಸಗಿ ಹೊಲಗಳಲ್ಲಿ. ಮಲಗುವ ಕೋಣೆಗೆ ಸರಕಾರದ ಕಾವಲು, ಅಡಿಗೆ ಮನೆ ರೈತನ ತಲೆಗೆ! ಇದೇ ಈ ವ್ಯವಹಾರದ ಗಂಟು.

ಇಲ್ಲಿ ಎಲ್ಲ ನಷ್ಟವೂ ಒಂದೇ ತರಹದ್ದಲ್ಲ. ಶೇಂಗಾ ಕಿತ್ತಾದ ಹೊಲದಲ್ಲಿ ಉದುರಿದ ಕಾಯಿ, ಜೋಳ ಕೊಯ್ದ ಮೇಲೆ ಬಿದ್ದ ಕಾಳು ಆರಿಸಿದರೆ ಯಾರ ಗಂಟೂ ಹೋಗುವುದಿಲ್ಲ. ಮೇಲಾಗಿ ಹಿಕ್ಕೆಯ ಗೊಬ್ಬರ ಪುಕ್ಕಟೆ. ಕಷ್ಟ ಬರುವುದು ಎಳೆ ಕಡ್ಲಿ, ಎಳೆ ಗೋಧಿಯ ಮೇಲೆ ಹಿಂಡು ಇಳಿದಾಗ. ಒಂದು ಹೊಲಕ್ಕೆ ಒಮ್ಮೆ ರುಚಿ ಹತ್ತಿದರೆ ಮರುದಿನವೂ ಅದಕ್ಕೇ ಬರುವುದು ಬಾತಿನ ಸ್ವಭಾವ. ಪಕ್ಕದವನ ಹೊಲ ಹಸಿರಾಗಿ ನಿಂತಿರುತ್ತದೆ, ಇವನದು ಬೋಳು. ನಷ್ಟ ಊರಿಗೆಲ್ಲ ಹಂಚಿ ಬರುವುದಿಲ್ಲ, ಕೆಲವರ ಪಾಲಿಗೇ ಬೀಳುತ್ತದೆ. ಐದಾರು ಎಕರೆಯವನು ಹೇಗೋ ತಡೆದುಕೊಂಡಾನು. ಒಂದೆಕರೆಯವನು? ಅವನನ್ನು ಕೇಳಿದರೆ "ಯಪ್ಪಾ, ಪರದೇಶದ ಅತಿಥಿ ಬಂದ್ರ ಊರೆಲ್ಲಾ ಮೆರವಣಿಗಿ ಮಾಡ್ರಿ, ಊಟ ಮಾತ್ರ ನನ್ನ ಮನ್ಯಾಗ ಯಾಕ ಇಡ್ತೀರಿ" ಅಂದಾನು. ತಪ್ಪೆನ್ನಲು ಬಾಯಿ ಬರುವುದಿಲ್ಲ.

ಹಾಗೆಂದು ಕಲ್ಲು ಹೊಡೆದು, ಬಲೆ ಹಾಕಿ, ಗುಂಡು ಹಾರಿಸಿ ಓಡಿಸುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ. ಕಾಯ್ದೆ ಇರುವುದು ಸರಿಯೇ. ಇಲ್ಲದಿದ್ದರೆ ಈ ಹೊತ್ತಿಗೆ ಕೆರೆ ಖಾಲಿಯಾಗಿರುತ್ತಿತ್ತು.

ಮಂಡ್ಯದಲ್ಲಿ ಹುಣಸೆ ಮರಕ್ಕೆ ಬಾಡಿಗೆ

ಇದಕ್ಕೆ ಮದ್ದಿಲ್ಲವೇ? ನಮ್ಮ ರಾಜ್ಯದಲ್ಲೇ ಒಂದು ಮೇಲ್ಪಂಕ್ತಿ ಇದೆ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ ಮರಗಳ ಮೇಲೇ ಗೂಡು ಕಟ್ಟುತ್ತವೆ. ಗೂಡಿದ್ದ ಮರದ ಹುಣಸೆ ಹಣ್ಣು ಕೈಗೆ ಬರುವುದಿಲ್ಲ. ಫಸಲು ಹೋದರೆ ಮರ ಇಟ್ಟುಕೊಂಡು ಮಾಡುವುದೇನು, ಕಡಿದು ಮಾರುವುದೇ ಮೇಲು ಎನ್ನುವ ಕಾಲ ಬಂದಿತ್ತು. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಕಣ್ಣಿಗೆ ಈ ಊರು ಬಿತ್ತು. ಹಕ್ಕಿಗೆ ಮರ ಬಿಟ್ಟುಕೊಟ್ಟ ಮನೆಯವರಿಗೆ ಮರಕ್ಕಿಷ್ಟು ಎಂದು ಪರಿಹಾರ ಕೊಡುವ ಪದ್ಧತಿ ಅಲ್ಲಿ ಜಾರಿಗೆ ಬಂತು. ದೊಡ್ಡ ಹಣವಲ್ಲ. ಆದರೆ ಹಕ್ಕಿಯ ಲೆಕ್ಕದಲ್ಲಿ ಮನೆಯವರ ಹೆಸರೂ ಬಂತು. ಊರವರು ಹಕ್ಕಿಯನ್ನು ಹೆರಿಗೆಗೆ ಬಂದ ಮಗಳೆಂದು ಕರೆಯುವುದು ಮೊದಲಿಂದ ಬಂದದ್ದು. ಮಗಳ ಬಾಣಂತನಕ್ಕೆ ಸರಕಾರವೂ ಒಂದು ಪಾವು ಅಕ್ಕಿ ಹಾಕಿತು ಅನ್ನಬಹುದು.

ಹುಣಸೆ ಮರ ಎಣಿಸುವುದು ಸುಲಭ, ನಿಂತಲ್ಲೇ ನಿಂತಿರುತ್ತದೆ. ಬಾತು ಇವತ್ತು ಈ ಹೊಲ, ನಾಳೆ ಆ ಹೊಲ. ರಾತ್ರಿ ಬೇರೆ. ಪಂಚನಾಮೆ ಮಾಡುವವರು ಬರುವ ಹೊತ್ತಿಗೆ ಹಕ್ಕಿ ಕೆರೆಯಲ್ಲಿ ಕಣ್ಣು ಮುಚ್ಚಿ ಕೂತಿರುತ್ತದೆ. ಆದರೂ ದಾರಿ ಇಲ್ಲದಿಲ್ಲ. ಸ್ಕಾಟ್ಲೆಂಡಿನ ಐಲಾ ಎಂಬ ದ್ವೀಪಕ್ಕೆ ಗ್ರೀನ್‌ಲ್ಯಾಂಡಿನಿಂದ ಇನ್ನೊಂದು ಜಾತಿಯ ಹೆಬ್ಬಾತು ಸಾವಿರಗಟ್ಟಲೆ ಬಂದು ದನದ ಹುಲ್ಲುಗಾವಲು ಮೇಯುತ್ತದೆ. ಅಲ್ಲಿ 1990ರ ದಶಕದಿಂದ ರೈತರಿಗೆ ಸರಕಾರ ಹಣ ಕೊಡುತ್ತ ಬಂತು, ಹಕ್ಕಿ ಮೇಯುವ ಜಾಗ ಲೆಕ್ಕ ಹಾಕಿ. ಅಲ್ಲಿ ಜಗಳ ಮುಗಿಯಿತೆಂದೇನಲ್ಲ. ಹಣ ಸಾಲದೆ, ಹಕ್ಕಿ ಹೆಚ್ಚಾಗಿ, ಒಂದಿಷ್ಟನ್ನು ಸರಕಾರವೇ ಗುಂಡಿಟ್ಟು ಕೊಲ್ಲಿಸಿದ್ದೂ ಉಂಟು. ಅಷ್ಟು ದೂರ ಹೋಗುವ ಹಣೆಬರಹ ಮಾಗಡಿಗೆ ಬೇಡ. ಕೆರೆಯ ಸುತ್ತ ಯಾವ ಹೊಲಕ್ಕೆ, ಯಾವ ತಿಂಗಳು, ಎಷ್ಟು ಹಕ್ಕಿ ಇಳಿಯುತ್ತದೆ ಎಂದು ಎರಡು ಚಳಿಗಾಲ ಎಣಿಸಿ ನೋಡಲಿ. ಅದಕ್ಕೆ ಉಪಗ್ರಹ ಬೇಕಿಲ್ಲ. ಟಾರ್ಚು, ನೋಟ್‌ಬುಕ್ಕು ಮತ್ತು ಊರಿನ ನಾಲ್ಕು ಹುಡುಗರು ಸಾಕು. ಎಣಿಕೆ ಕೈಯಲ್ಲಿದ್ದರೆ ಪರಿಹಾರ ಕೇಳಲೂ ಬಾಯಿ ಬರುತ್ತದೆ, ಕೊಡಲೂ ಕಾರಣ ಸಿಗುತ್ತದೆ.

ಬಾರದೆ ಹೋದರೆ?

"ಬರದಿದ್ರ ಬ್ಯಾಡ ಬಿಡ್ರಿ" ಎನ್ನುವವರೂ ಇರಬಹುದು. ಅವರಿಗೊಂದು ಸುದ್ದಿ. ಬಾತುಗಳು ಬಂದೇ ಬರುತ್ತವೆಂಬ ಗ್ಯಾರಂಟಿ ಏನೂ ಇಲ್ಲ.

ಟಿಬೆಟ್ಟಿನ ದಕ್ಷಿಣದ ಕಣಿವೆಗಳಲ್ಲಿ 1990ರ ದಶಕದಲ್ಲಿ ಚಳಿಗಾಲದಲ್ಲಿ ಎಣಿಸಿದಾಗ ಸಿಕ್ಕಿದ್ದು ಸುಮಾರು ಹದಿಮೂರು ಹದಿನಾಲ್ಕು ಸಾವಿರ ಬಾತು. 2014ರಲ್ಲಿ ಎಣಿಸಿದರೆ ಅರವತ್ತು ಸಾವಿರಕ್ಕೂ ಮೇಲೆ! ಜಗತ್ತಿನಲ್ಲೆಲ್ಲ ಸೇರಿ ಈ ಹಕ್ಕಿ ಇರುವುದೇ ಒಂದು ಲಕ್ಷದ ಸುಮಾರು. ಅಲ್ಲಿ ಚಳಿಗಾಲದ ಗೋಧಿ ಬೆಳೆಯುವುದು ಹೆಚ್ಚಿತು, ಬಾರ್ಲಿಯ ಕೂಳೆ ಹೊಲದಲ್ಲಿ ಉಳಿಯುತ್ತದೆ, ಚಳಿಯೂ ಮೊದಲಿನಷ್ಟು ಕಟುವಾಗಿಲ್ಲ. ಹಿಮಾಲಯದ ಆ ಬದಿಯಲ್ಲೇ ಊಟ ಸಿಗುವುದಾದರೆ ಪ್ರಾಣ ಪಣಕ್ಕಿಟ್ಟು ದಾಟುವುದು ಯಾತಕ್ಕೆ? ಹಕ್ಕಿಗೆ ನಮ್ಮ ಕೆರೆಯ ಮೇಲೆ ಋಣವಿಲ್ಲ. ಲಾಭ ಕಂಡಲ್ಲಿ ನಿಲ್ಲುತ್ತದೆ, ಪೇಟೆಯ ಗಿರಾಕಿಯ ಹಾಗೆ.

ದಕ್ಷಿಣಕ್ಕೆ ಬರುವುದು ಉಳಿದ ಪಾಲು. ಅದರಲ್ಲಿ ಸಾವಿರಗಟ್ಟಲೆ ಒಂದು ಸಣ್ಣ ಕೆರೆಯಲ್ಲಿ ಇಳಿಯುತ್ತದೆ ಅಂದರೆ ಆ ಕೆರೆಯ ತೂಕ ಏನೆಂದು ತಿಳಿಯಬಹುದು. ಮಳೆ ಕೈಕೊಟ್ಟ ವರ್ಷ ಕೆರೆ ಒಣಗಿದರೆ ಹಕ್ಕಿ ಬೇರೆ ಕೆರೆ ಹುಡುಕುತ್ತದೆ. ಸುತ್ತಮುತ್ತ ಅಂಥ ಇನ್ನೂ ನಾಲ್ಕಾರು ಕೆರೆ ಹೂಳಿಲ್ಲದೆ ಇದ್ದರೆ ಅದಕ್ಕೂ ಕ್ಷೇಮ. ಊರವರಿಗೂ ಕ್ಷೇಮ, ಎಲ್ಲ ಹಿಂಡೂ ಒಂದೇ ಊರಿನ ಹೊಲಕ್ಕೆ ಮುಗಿಬೀಳುವುದಿಲ್ಲ. ಮಾಗಡಿ ಒಂದನ್ನೇ ಶೃಂಗಾರ ಮಾಡಿ ಉಳಿದ ಕೆರೆಗಳನ್ನು ಹೂಳಿಗೂ ಒತ್ತುವರಿಗೂ ಬಿಟ್ಟರೆ ಪ್ರಯೋಜನವಿಲ್ಲ.

ಎಲ್ಲ ಹಕ್ಕಿ ಒಂದೇ ಕಡೆ ಸೇರುವುದರಲ್ಲಿ ಇನ್ನೊಂದು ಅಪಾಯವೂ ಇದೆ. ಹಕ್ಕಿಜ್ವರ. 2005ರಲ್ಲಿ ಚಿಂಗ್‌ಹಾಯ್ ಸರೋವರದಲ್ಲಿ ಈ ಜ್ವರ ಬಡಿದು ಆರು ಸಾವಿರಕ್ಕೂ ಹೆಚ್ಚು ಹಕ್ಕಿ ಸತ್ತವು, ಅವುಗಳಲ್ಲಿ ಹೆಚ್ಚಿನವು ಈ ಬಾತುಗಳೇ. 2020ರ ಕೊನೆಗೆ ಶುರುವಾಗಿ 2021ರ ಜನವರಿಯಲ್ಲಿ ಹಿಮಾಚಲ ಪ್ರದೇಶದ ಪಾಂಗ್ ಅಣೆಕಟ್ಟಿನ ಹಿನ್ನೀರಿನಲ್ಲೂ ಸಾವಿರಾರು ಸತ್ತವು. ಅಲ್ಲೂ ಹೆಚ್ಚು ಪೆಟ್ಟು ತಿಂದದ್ದು ಇದೇ ಜಾತಿ. ಬಾತು ರೋಗ ಹೊತ್ತು ತರುತ್ತದೋ, ನಾಟಿ ಕೋಳಿ, ಫಾರಂ ಕೋಳಿಗಳಿಂದ ಬಾತಿಗೆ ಹತ್ತುತ್ತದೋ ಎಂಬ ವಾದ ಎರಡೂ ಕಡೆಯಿಂದ ನಡೆದಿದೆ. ಕೋಳಿ ವ್ಯಾಪಾರದವರು ಹಕ್ಕಿಯನ್ನು ಬಯ್ಯುವ ಮುಂಚೆ ತಮ್ಮ ಅಂಗಡಿಯ ಪುಕ್ಕ, ಕರುಳು ಯಾವ ಹಳ್ಳಕ್ಕೆ ಬೀಳುತ್ತದೆ ಎಂದು ನೋಡಿಕೊಳ್ಳುವುದು ಲೇಸು.

ಜನವರಿಯ ಎಣಿಕೆ

1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ಕೆರೆಗಳಲ್ಲೆಲ್ಲ ನೀರಹಕ್ಕಿಗಳ ಗಣತಿ ನಡೆಯುತ್ತದೆ. ಎಣಿಸುವವರು ಬಹುಪಾಲು ಸಂಬಳವಿಲ್ಲದವರು. ಮೇಷ್ಟರು, ಬ್ಯಾಂಕಿನವರು, ಕಾಲೇಜು ಹುಡುಗರು. ದುರ್ಬೀನು ಇದ್ದವರು ಹೋಗಿ ಕೆರೆ ಏರಿಯ ಮೇಲೆ ನಿಲ್ಲಬಹುದು. ಬೆಳಿಗ್ಗೆ ಹಿಂಡು ಹೊಲದಿಂದ ಮರಳುವ ಹೊತ್ತೇ ಎಣಿಕೆಗೆ ಸರಿಯಾದ ಹೊತ್ತು. ಆ ಹೊತ್ತಿಗೆ ಪಟಾಕಿ, ಡ್ರೋನು, ಸೆಲ್ಫಿಯ ಗಲಾಟೆ ಬೇಡ. ಒಮ್ಮೆ ಹೆದರಿ ಎದ್ದ ಹಿಂಡು ರಾತ್ರಿ ತಿಂದದ್ದನ್ನು ಸುಮ್ಮನೆ ಹಾರಾಟಕ್ಕೆ ಸುಡುತ್ತದೆ, 'ಮತ್ತೆ ಅದನ್ನು ತುಂಬಿಕೊಳ್ಳುವುದು ಯಾರ ಹೊಲದಲ್ಲಿ' ಎಂದು ಬೇರೆ ಹೇಳಬೇಕಿಲ್ಲ.

ಹೊಲದಲ್ಲೋ ದಂಡೆಯಲ್ಲೋ ಕಾಲಿಗೆ ಉಂಗುರವಿದ್ದ ಹಕ್ಕಿ ಸಿಕ್ಕರೆ, ಬದುಕಿದ್ದರೆ ನಂಬರು ಓದಿ ಹಾಗೇ ಬಿಟ್ಟುಬಿಡಬೇಕು. ಉಂಗುರದ ಮೇಲೆ ಇಂಗ್ಲಿಷಿನಲ್ಲಿ ಮುಂಬಯಿಯ ಸೊಸೈಟಿಗೆ ತಿಳಿಸಿ ಎಂದು ಕೊರೆದಿರುತ್ತದೆ. ನಂಬರು, ತಾರೀಖು, ಊರು ಬರೆದು ಅವರಿಗೆ ಕಳಿಸಿದರೆ ಆಯಿತು, ಇಲ್ಲವೇ ಹತ್ತಿರದ ಅರಣ್ಯ ಕಚೇರಿಗೆ ಕೊಟ್ಟರೂ ನಡೆಯುತ್ತದೆ. ಸತ್ತ ಹಕ್ಕಿಯಾದರೆ ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯರಿಗೆ ಸುದ್ದಿ ಮುಟ್ಟಿಸುವುದು ಒಳ್ಳೆಯದು.